ನಾನ್-ಎ ನೊಖೊದ್ಚಿ: ಮೂರನೆಯ ಸುತ್ತಿನವರೆಗಿನ ಟಿಪ್ಪಣಿ

ಮಾರ್ಚ್ 20 ಅಥವಾ 21ರ ಸುಮಾರಿಗೆ ಬರುವ ನೌರೋಜ್ ಹೊಸವರ್ಷದಲ್ಲಿ ಇರಾನಿನ ಮನೆಗಳು ಅತಿಥಿಗಳಿಗೆ ಚಹಾದೊಂದಿಗೆ ಕೊಡುವ ತಿನಿಸುಗಳಲ್ಲಿ ನಾನ್-ಎ ನೊಖೊದ್ಚಿ ಒಂದು. ಕಜ್ವಿನ್ ನಗರದ ನೊಖೊದ್ಚಿಗೆ ವಿಶೇಷ ಹೆಸರಿದೆ. ಪಾರಸಿಯಲ್ಲಿ ‘ನೊಖೊದ್’ ಎಂದರೆ ಕಡಲೆ. ಮೈದಾ, ಮೊಟ್ಟೆಗಳ ಹಂಗಿಲ್ಲದೆ ಹುರಿದ ಕಡಲೆಯ ಹಿಟ್ಟು, ಜಿಡ್ಡು, ಪುಡಿ ಸಕ್ಕರೆ ಮತ್ತು ಏಲಕ್ಕಿಯಿಂದಲೇ ಆಗುವ ಈ ಪುಟ್ಟ ಬಿಸ್ಕತ್ತು ನಾಲಿಗೆಯ ಮೇಲಿಟ್ಟ ಕೂಡಲೇ ಕರಗಬೇಕು.

ಮೊದಲ ಸುತ್ತಿನಲ್ಲಿ ಬಜ್ಜಿಗೆ ಬಳಸುವ ಕಡಲೆಹಿಟ್ಟನ್ನೇ ಹಾಕಿದ್ದರಿಂದ ಹಸಿವಾಸನೆ ಉಳಿಯಿತು. ಮೈಸೂರುಪಾಕಿನಲ್ಲಿ ಕುದಿಯುವ ತುಪ್ಪವೇ ಹಿಟ್ಟನ್ನು ಬೇಯಿಸಿಬಿಡುತ್ತದೆ. ಇಲ್ಲಿ 150 ಡಿಗ್ರಿಯ ಹದವಾದ ಶಾಖ ಮಾತ್ರ ಇರುವುದರಿಂದ ಕಡಲೆ ಮೊದಲೇ ಹುರಿದಿರಬೇಕು. ಹಾಗಾಗಿ ಎರಡನೆಯ ಸುತ್ತಿಗೆ ಹುರಿಗಡಲೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡೆ. ಘಮ ಸರಿಹೋಯಿತು. ಆದರೆ ತುಪ್ಪವನ್ನು ಕರಗಿಸಿ ಸುರಿದಿದ್ದರಿಂದ ಬಿಲ್ಲೆಗಳು ಓವನ್ನಿನಲ್ಲಿ ಹರಡಿಕೊಂಡವು, ಜರಡಿ ಹಿಡಿದದ್ದು ಸಾಲದೆ ಬಾಯಿಗೆ ಮರಳು ಮರಳಾಗಿ ಸಿಕ್ಕಿತು.

ಈ ವಾರದ ಮೂರನೆಯ ಸುತ್ತಿಗೆ 250 ಗ್ರಾಂ ಹಿಟ್ಟು, 125 ಗ್ರಾಂ ತುಪ್ಪ, 100 ಗ್ರಾಂ ಪುಡಿ ಸಕ್ಕರೆ ತೆಗೆದುಕೊಂಡೆ. ಹಿಟ್ಟನ್ನು ತೆಳು ಮಲ್‌ಬಟ್ಟೆಯಲ್ಲಿ ಎರಡು ಸಲ ವಸ್ತ್ರಗಾಳಿತ ಮಾಡಿದಾಗ ಬಟ್ಟೆಯ ಮೇಲೆ ಒಂದು ಹಿಡಿಯಷ್ಟು ತರಿ ಉಳಿಯಿತು. ಹಿಂದಿನ ಸಲ ಹಲ್ಲಿಗೆ ಸಿಕ್ಕಿದ್ದು ಇದೇ. ಗಟ್ಟಿಯಾಗಿ ಹೆಪ್ಪುಗಟ್ಟಿದ ತುಪ್ಪವನ್ನು ಸಕ್ಕರೆಯೊಂದಿಗೆ ಅಂಗೈಯಿಂದ ಹತ್ತು ನಿಮಿಷ ತಿಕ್ಕುತ್ತಾ ಹೋದೆ. ಹಳದಿ ಬಣ್ಣ ಮೆಲ್ಲನೆ ಮಾಸಿ, ತುಪ್ಪ ಆಗತಾನೇ ಕಡೆದ ಬೆಣ್ಣೆಯಂತೆ ಬೆಳ್ಳಗೆ ಉಬ್ಬಿ ಬಟ್ಟಲಿನ ಅಂಚಿನಿಂದ ಬಿಟ್ಟುಕೊಂಡು ಬಂದಾಗ, ಈ ತಿನಿಸಿನ ಜೀವ ಇರುವುದು ಈ ಹಂತದಲ್ಲಿಯೇ ಎಂದು ನನಗೆ ದೃಢವಾಯಿತು. ಹಿಟ್ಟನ್ನು ಹಿಡಿದಿಡಲು ಗೋಧಿಯ ಅಂಟು ಇಲ್ಲದಿರುವಾಗ ಆ ಕೆಲಸವನ್ನೆಲ್ಲ ತುಪ್ಪವೇ ಮಾಡಬೇಕಾಗುತ್ತದೆ. ಆಮೇಲೆ ಏಲಕ್ಕಿ ಪುಡಿ, ಎರಡು ಚಮಚ ಪನ್ನೀರು, ಸ್ವಲ್ಪ ಸ್ವಲ್ಪವಾಗಿ ಹಿಟ್ಟು ಸೇರಿಸಿ ನಾದಿ, ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ.

ಬೆಳಿಗ್ಗೆ ಕಣಕವನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ದಳದಳವಾಗಿರುವ ಪುಟ್ಟ ಅಚ್ಚಿನಿಂದ ಕತ್ತರಿಸಿ, ಪ್ರತಿಯೊಂದರ ನಡುವೆ ಪಿಸ್ತಾದ ಚೂರೊಂದನ್ನು ಒತ್ತಿದೆ. ಹದಿನೆಂಟು ನಿಮಿಷಕ್ಕೆ ತಳ ಮಾತ್ರ ಹೊಂಬಣ್ಣಕ್ಕೆ ತಿರುಗಿತ್ತು, ಮೇಲ್ಭಾಗ ಬಿಳಿಚಿಕೊಂಡೇ ಇತ್ತು, ಇರಬೇಕಾದದ್ದೂ ಹಾಗೆಯೇ. ಬಿಸಿಯಲ್ಲಿ ಮುಟ್ಟಿದ ಒಂದು ಬಿಲ್ಲೆ ಬೆರಳಲ್ಲೇ ಪುಡಿಯಾಯಿತಾದ್ದರಿಂದ ಉಳಿದವನ್ನು ಪೂರ್ತಿ ಆರುವವರೆಗೆ ತಟ್ಟೆಯಿಂದ ಎತ್ತಲಿಲ್ಲ.

ಡಬ್ಬಿಯಲ್ಲಿ ಒಂದು ದಿನ ಕಳೆದ ಮೇಲೆ ಏಲಕ್ಕಿಯೂ ಪನ್ನೀರೂ ಹದವಾಗಿ ಬೆರೆತಿದ್ದವು, ಬಿಲ್ಲೆ ಬಾಯಲ್ಲಿ ಸದ್ದಿಲ್ಲದೆ ಕರಗಿತು. ದಳಗಳ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಇನ್ನೂ ಇದೆ. ಮುಂದಿನ ಸುತ್ತಿನಲ್ಲಿ ತುಪ್ಪವನ್ನು 10 ಗ್ರಾಂ ಹೆಚ್ಚಿಸಿ, ಕಣಕವನ್ನು ಕತ್ತರಿಸುವ ಮೊದಲು ಇನ್ನಷ್ಟು ಹೊತ್ತು ನಾದಿ ನೋಡುತ್ತೇನೆ.