ಶುಂಠಿ ರೇಟು ಮತ್ತು ನನ್ನ ಎಂಟನೇ ಕ್ಲಾಸು

ಆಲೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಡಂ. ದಿನಾ ಹಾಸನದಿಂದ ಬಸ್ಸಲ್ಲಿ ಹೋಗಿ ಬರುತ್ತೇನೆ. ಗುಂಪು ಚಟುವಟಿಕೆ ಅಂದರೆ ನನಗೆ ಮೊದಲು ಅಷ್ಟಕ್ಕಷ್ಟೇ. ಐದೈದು ಮಕ್ಕಳಿಗೆ ಒಂದು ಡ್ರಾಯಿಂಗ್ ಶೀಟ್ ಕೊಟ್ಟರೆ, ಅಕ್ಷರ ದುಂಡಗಿರುವ ಒಬ್ಬಳು ಎಲ್ಲಾ ಬರೆಯುತ್ತಾಳೆ. ಒಬ್ಬ ಸ್ಕೇಲ್ ಹಿಡಿದುಕೊಳ್ಳುತ್ತಾನೆ. ಉಳಿದವರು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಬಿಸಿಯೂಟದ ಬೆಲ್ಲಿಗೆ ಕಾಯುತ್ತಾರೆ. ಕೆಳಗೆ ಮಾತ್ರ ಐದೂ ಜನರ ಹೆಸರು! ಅಂಥ ಶೀಟುಗಳನ್ನು ನಾನೇ ಎಷ್ಟೋ ಸಲ ಗೋಡೆಗೆ ಅಂಟಿಸಿದ್ದೇನೆ.

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಎರಿಕ್ ಮಜೂರ್ 1990ರ ದಶಕದ ಶುರುವಿನಲ್ಲೇ ಬೇರೆ ದಾರಿ ಹಿಡಿದಿದ್ದರು. ಮೊದಲು ಒಂದು ಪ್ರಶ್ನೆ. ಒಬ್ಬೊಬ್ಬರೇ ಯೋಚಿಸಿ ಉತ್ತರ ಹೇಳಬೇಕು. ಆಮೇಲೆ ಪಕ್ಕದವರ ಜೊತೆ ಚರ್ಚೆ. ಮತ್ತೆ ಉತ್ತರ. ಅಷ್ಟೇ. ನನಗೆ ಹಿಡಿಸಿದ್ದು ಆ 'ಮೊದಲು ಒಬ್ಬೊಬ್ಬರೇ' ಅನ್ನೋದು.

ನಮ್ಮಲ್ಲಿ ಶೇಕಡಾ ಲೆಕ್ಕ ನಡೆಯುತ್ತಿತ್ತು. ಬೋರ್ಡಿನ ಮೇಲೆ ಬರೆದೆ: ಶುಂಠಿ ಮೂಟೆಗೆ 1000 ರೂಪಾಯಿ ಇತ್ತು. ಶೇಕಡಾ 20 ಏರಿತು. ಆಮೇಲೆ ಶೇಕಡಾ 20 ಇಳಿಯಿತು. ಈಗ ಎಷ್ಟು? ಮೊದಲಷ್ಟೇ ಅಂದರೆ ಒಂದು ಬೆರಳು, ಕಡಿಮೆ ಅಂದರೆ ಎರಡು, ಜಾಸ್ತಿ ಅಂದರೆ ಮೂರು. ರಫ್ ಬುಕ್ಕಿನಲ್ಲಿ ಪೆನ್ನಲ್ಲೇ ಬರೆಯಬೇಕು, ಪೆನ್ಸಿಲ್ ಬೇಡ ಅಂದೆ. ಅಳಿಸೋಕೆ ಆಗಬಾರದಲ್ವಾ! ಆಮೇಲೆ ಕಣ್ಣು ಮುಚ್ಚಿಸಿ ಬೆರಳು ಎತ್ತಿಸಿದೆ. ಅರ್ಧಕ್ಕಿಂತ ಜಾಸ್ತಿ ಒಂದೇ ಬೆರಳು.

"ಬೇರೆ ಉತ್ತರ ಬರೆದವರನ್ನ ಹುಡುಕಿ ಒಪ್ಪಿಸಿ" ಅಂದೆ. ಕ್ಲಾಸು ಸಂತೆಯಾಯಿತು. ಪಕ್ಕದ ರೂಮಿನ ಮೇಷ್ಟ್ರು ಒಂದು ಸಲ ಇಣುಕಿ ಹೋದರು. ಕಿಟಕಿ ಹತ್ತಿರ ಒಬ್ಬ ಹುಡುಗ, ಒಂದು ಅಂತ ಬರೆದಿದ್ದನ್ನು ಹೊಡೆದುಹಾಕಿ ಪಕ್ಕದವನ ಹೆಗಲು ಅಲುಗಿಸುತ್ತಿದ್ದ. "ಇಳಿದಿದ್ದು ಸಾವಿರದಿಂದ ಅಲ್ಲ ಕಣೋ, ಸಾವಿರದ ಇನ್ನೂರರಿಂದ! ಇನ್ನೂರ ನಲವತ್ತು ಹೋಯ್ತು, ಒಂಬೈನೂರ ಅರವತ್ತು." ಪಕ್ಕದವನು ಒಪ್ಪಲಿಲ್ಲ. "ಅದೂ ಇಪ್ಪತ್ತು, ಇದೂ ಇಪ್ಪತ್ತು" ಅಂದ. "ನಿಮ್ಮಪ್ಪ ಶುಂಠಿ ಮಾರ್ತಾರಲ್ಲ, ಹೋಗಿ ಕೇಳು" ಅಂದ ಇವನು. ಇದೇ ಲೆಕ್ಕವನ್ನು ಹಿಂದಿನ ವರ್ಷ ನಾನು ಸೂತ್ರ ಹಾಕಿ ಬಿಡಿಸಿದ್ದೆ. ಆ ಬ್ಯಾಚಿನ ಮಕ್ಕಳು ಸುಮ್ನೆ ಬರೆದುಕೊಂಡಿದ್ದರು.

ಈಗಷ್ಟೇ ಕಲಿತವರಿಗೆ ಎಲ್ಲಿ ಕಷ್ಟ ಅನ್ನೋದು ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿರುತ್ತೆ ಅಂತ ಮಜೂರ್ ಹೇಳುವ ಕಾರಣ ಸರಿ ಅನ್ನಿಸುತ್ತೆ. ನಾನು ಶೇಕಡಾ ಕಲಿತು ಎಷ್ಟು ವರ್ಷವಾಯಿತೋ, ಎಲ್ಲಿ ಎಡವಿದ್ದೆ ಅನ್ನೋದೇ ಮರೆತುಹೋಗಿದೆ. ಆ ಹುಡುಗ ಎಡವಿ ಎರಡು ನಿಮಿಷ ಆಗಿತ್ತು ಅಷ್ಟೇ.

ಎಲ್ಲಾ ದಿನ ಹೀಗೇ ಆಗುವುದಿಲ್ಲ. ಪ್ರಶ್ನೆ ತೀರಾ ಸುಲಭವಾದರೆ ಮಕ್ಕಳು ಕ್ರಿಕೆಟ್ ಮಾತಾಡುತ್ತಾರೆ. ತೀರಾ ಕಷ್ಟವಾದರೆ ತಪ್ಪು ಉತ್ತರವನ್ನೇ ಒಬ್ಬರಿಗೊಬ್ಬರು ಒಪ್ಪಿಸಿಬಿಡುತ್ತಾರೆ. ಮೊದಲ ಸಲ ನೂರಕ್ಕೆ 30ರಿಂದ 70 ಜನ ಸರಿ ಹೇಳಿದರೆ ಮಾತ್ರ ಚರ್ಚೆಗೆ ಬಿಡಬೇಕಂತೆ. ಅಂಥ ಪ್ರಶ್ನೆ ಹುಡುಕೋದರಲ್ಲೇ ನನ್ನ ಬಸ್ಸಿನ ಸಮಯ ಹೋಗುತ್ತೆ.

ಎರಡನೇ ಸಲ ಬೆರಳು ಎತ್ತಿಸಿದಾಗ ಹೆಚ್ಚುಕಮ್ಮಿ ಎಲ್ಲರದೂ ಎರಡು. ಮುಂದಿನ ಲೆಕ್ಕಕ್ಕೆ ಅಂತ ಬೋರ್ಡ್ ಒರೆಸುತ್ತಿದ್ದೆ. ಯಾವತ್ತೂ ಬಾಯಿ ಬಿಡದ ಹುಡುಗಿ ಹಿಂದಿನ ಬೆಂಚಿಂದ ಎದ್ದು ಕೇಳಿದಳು: "ಮೇಡಂ, ಮೊದಲು ಇಳಿದು ಆಮೇಲೆ ಏರಿದ್ರೆ?" ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನ ಮೂವರು ತಿರುಗಿ ಕೂತು ಅವಳ ಜೊತೆ ಲೆಕ್ಕ ಶುರು ಮಾಡಿದ್ದರು. ಬೆಲ್ ಆಯಿತು. ಯಾರೂ ಏಳಲಿಲ್ಲ. ಅದೂ 960ಕ್ಕೇ ಬಂತು.