ಬ್ರಿಸಲ್‌ಕೋನ್ ಕಾಡಿಗೆ ಹೋಗುವ ಮೊದಲು ಕಾರಿನ ಡಿಕ್ಕಿ ತೆಗೆದು ನೋಡಿ

ಬಾಡಿಗೆ ಕಾರು ಅಂದಮೇಲೆ ಡಿಕ್ಕಿಯಲ್ಲಿ ಸ್ಟೆಪ್ನಿ ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಅದು ಗೊತ್ತಾದದ್ದು ಹತ್ತು ಸಾವಿರ ಅಡಿಗಿಂತ ಮೇಲೆ, ಮಣ್ಣು ರಸ್ತೆಯ ನಡುವೆ, ಹಿಂದಿನ ಎಡ ಚಕ್ರ ಸೀಳಿಹೋದ ಮೇಲೆ. ಡಿಕ್ಕಿಯಲ್ಲಿ ಇದ್ದದ್ದು ಒಂದು ಪುಟ್ಟ ಪಂಪು, ಒಂದು ಬಾಟಲಿ ಅಂಟು. ಮೊಳೆ ಚುಚ್ಚಿದ ತೂತಾದರೆ ಅಂಟು ಹಿಡಿಯುತ್ತಂತೆ. ನಮ್ಮ ಟೈರಿನ ಪಕ್ಕೆಯೇ ಚೂಪು ಕಲ್ಲಿಗೆ ಸಿಕ್ಕಿ ಹರಿದಿತ್ತು. ಹಾಕಿದ ಅಂಟೆಲ್ಲ ಬುಸ್ಸೆಂದು ಹೊರಗೆ ಬಂತು. ಅರ್ಧ ನೆಲಕ್ಕೆ, ಅರ್ಧ ನನ್ನ ಪ್ಯಾಂಟಿಗೆ.

ಈ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ದಾರಿ ಹೇಳಿಬಿಡುತ್ತೇನೆ.

ನಾವು ಹೋದದ್ದು ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿರುವ ವೈಟ್ ಮೌಂಟನ್ಸ್‌ಗೆ. ಸಾವಿರಾರು ವರ್ಷ ಬದುಕುವ ಬ್ರಿಸಲ್‌ಕೋನ್ ಪೈನ್ ಮರಗಳನ್ನು ನೋಡಬೇಕು, ಫೋಟೋ ತೆಗೆಯಬೇಕು, ಅಷ್ಟೇ ಉದ್ದೇಶ. 395ನೇ ಹೆದ್ದಾರಿಯಲ್ಲಿ ಬಿಗ್ ಪೈನ್ ಅಂತ ಒಂದು ಸಣ್ಣ ಊರು ಬರುತ್ತದೆ. ಅಲ್ಲಿಂದ 168ನೇ ರಸ್ತೆಯಲ್ಲಿ ಪೂರ್ವಕ್ಕೆ 13 ಮೈಲಿ, ಆಮೇಲೆ ಎಡಕ್ಕೆ ತಿರುಗಿ ಇನ್ನು 10 ಮೈಲಿ ಹತ್ತಿದರೆ ಶುಲ್ಮನ್ ಗ್ರೋವ್, ಅಂದರೆ ಆ ಮರಗಳ ಒಂದು ತೋಪು. ಅಲ್ಲಿಯವರೆಗೆ ಡಾಂಬರು ರಸ್ತೆ, ಯಾವ ಕಾರಾದರೂ ಹೋಗುತ್ತದೆ. 168ರಲ್ಲಿ ಒಂದು ಕಡೆ ಬಂಡೆಗಳ ನಡುವೆ ರಸ್ತೆ ಒಂದೇ ಗಾಡಿಯಷ್ಟು ಕಿರಿದಾಗುತ್ತದೆ. ಅಲ್ಲಿ ನಿಧಾನ ಮಾಡಿ. ಎದುರಿಂದ ಬರುವವರು ನಿಧಾನ ಮಾಡುತ್ತಾರೆ ಅಂತ ನಂಬಬೇಡಿ.

ಬಿಗ್ ಪೈನ್ ಸುಮಾರು 4,000 ಅಡಿ ಎತ್ತರದಲ್ಲಿದೆ. ಶುಲ್ಮನ್ ಗ್ರೋವ್ 10,000 ಅಡಿ. ಮುಕ್ಕಾಲು ಗಂಟೆಯಲ್ಲಿ ಅಷ್ಟೂ ಎತ್ತರ ಹತ್ತಿಬಿಡುತ್ತೀರಿ. ಕಾರಿನಿಂದ ಇಳಿದು ಟ್ರೈಪಾಡ್ ಎತ್ತಿ ಹತ್ತು ಹೆಜ್ಜೆ ಹಾಕಿದೆ, ಯಾರೋ ಎದೆ ಮೇಲೆ ಕೂತ ಹಾಗಾಯಿತು. ನನ್ನ ಹೆಂಡತಿಗೆ ಮೊದಲ ದಿನ ಪೂರ್ತಿ ತಲೆನೋವು. ಹಿಂದಿನ ರಾತ್ರಿ ದಾರಿಯಲ್ಲೇ ಸಿಗುವ ಗ್ರ್ಯಾಂಡ್‌ವ್ಯೂ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟು ಹಾಕಿ ಮಲಗಿದ್ದರೆ ಮೈ ಒಗ್ಗಿಕೊಳ್ಳುತ್ತಿತ್ತು. ಅದು ಸುಮಾರು 8,500 ಅಡಿಯಲ್ಲಿದೆ, ಆಕಾಶ ಕಡುಗಪ್ಪು, ನಕ್ಷತ್ರದ ಫೋಟೋಗೆ ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿ ನೀರಿಲ್ಲ. ಮೇಲೆ ಹೋದರೆ ಪೆಟ್ರೋಲೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ನಾವಿಬ್ಬರು ಆರು ಲೀಟರ್ ನೀರು ಒಯ್ದಿದ್ದೆವು. ಸಂಜೆಗೆ ಖಾಲಿ.

ಈಗ ನಾನು ಮೋಸ ಹೋದ ವಿಷಯ. ಯಾರೂ ಬೇಕಂತ ಮಾಡಿದ ಮೋಸವಲ್ಲ, ನಾನೇ ಬೇಕಂತ ಬಿದ್ದ ಹಳ್ಳ.

ಇಲ್ಲಿ ಮೆಥೂಸೆಲಾ ಅನ್ನುವ ಮರವಿದೆ. 4,800 ವರ್ಷಕ್ಕೂ ಜಾಸ್ತಿ ವಯಸ್ಸು. 1957ರಲ್ಲಿ ಎಡ್ಮಂಡ್ ಶುಲ್ಮನ್ ಅನ್ನುವ ವಿಜ್ಞಾನಿ ಕಾಂಡದಿಂದ ಪೆನ್ಸಿಲ್‌ನಷ್ಟು ತೆಳುವಾದ ತುಂಡು ಕೊರೆದು ತೆಗೆದು, ವರ್ಷಕ್ಕೊಂದರಂತೆ ಬೆಳೆಯುವ ಉಂಗುರ ಎಣಿಸಿ ಕಂಡುಹಿಡಿದ. ಮರುವರ್ಷವೇ ತೀರಿಹೋದ, ಐವತ್ತು ವರ್ಷ ಕೂಡ ಆಗಿರಲಿಲ್ಲ. ನಾನು ಇಂಟರ್ನೆಟ್‌ನಲ್ಲಿ ಮೆಥೂಸೆಲಾ ಅಂತ ಹುಡುಕಿ, ಚೆನ್ನಾಗಿದ್ದ ಒಂದು ಫೋಟೋ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅದೇ ಮರ, ಅದೇ ಕೋನ, ಸಂಜೆ ಬೆಳಕು. ಹೀಗೆಲ್ಲ ಲೆಕ್ಕ ಹಾಕಿದ್ದೆ.

ಮೆಥೂಸೆಲಾ ಟ್ರೇಲ್ ನಾಲ್ಕೂವರೆ ಮೈಲಿಯ ಸುತ್ತು ದಾರಿ. ಏದುಸಿರು ಬಿಡುತ್ತಾ ನಾಲ್ಕು ಗಂಟೆ ಸುತ್ತಿದೆ. ಪ್ರತಿ ಮರದ ಮುಂದೆ ನಿಂತು ಪ್ರಿಂಟ್ ಹಿಡಿದು ಹೋಲಿಸಿದೆ. ಎದುರಿಗೆ ಬಂದವರೊಬ್ಬರು 'ಅದೋ ಅದೇ' ಅಂತ ಒಂದನ್ನು ತೋರಿಸಿದರು. ಇನ್ನೊಬ್ಬರು ಬೇರೆಯದನ್ನು ತೋರಿಸಿದರು. ಇಬ್ಬರಿಗೂ ಅಷ್ಟೇ ಖಾತ್ರಿ. ವಾಪಸ್ ಬಂದು ವಿಸಿಟರ್ ಸೆಂಟರ್‌ನಲ್ಲಿ ಕೇಳಿದರೆ, ಅಲ್ಲಿದ್ದವರು ಪ್ರಿಂಟ್ ನೋಡಿ ನಕ್ಕರು. ಆ ಮರಕ್ಕೆ ಬೋರ್ಡು ಹಾಕಿಲ್ಲ, ಯಾವುದು ಅಂತ ಅರಣ್ಯ ಇಲಾಖೆ ಹೇಳುವುದೂ ಇಲ್ಲ. ನನ್ನ ಕೈಲಿದ್ದದ್ದು ಪೇಟ್ರಿಯಾರ್ಕ್ ಗ್ರೋವ್‌ನ ಯಾವುದೋ ಮರವಂತೆ. ಅಂದರೆ 12 ಮೈಲಿ ಆಚೆಯದು!

ಗುಟ್ಟು ಮಾಡುವುದಕ್ಕೆ ಕಾರಣ ಇದೆ ಬಿಡಿ. ಗೊತ್ತಾದರೆ ಜನ ಒಂದೊಂದು ಚೂರು ಮುರಿದುಕೊಂಡು ಹೋಗುತ್ತಾರೆ. 2008ರಲ್ಲಿ ಇಲ್ಲಿನ ವಿಸಿಟರ್ ಸೆಂಟರ್‌ಗೇ ಯಾರೋ ಬೆಂಕಿ ಇಟ್ಟಿದ್ದರು. ಹೊಸದು ಕಟ್ಟಿ ತೆರೆದದ್ದು 2012ರಲ್ಲಿ. ಪಕ್ಕದ ನೆವಾಡಾ ರಾಜ್ಯದಲ್ಲಿ ಇದಕ್ಕೂ ಹಳೆಯ ಮರವೊಂದಿತ್ತು, ಪ್ರೊಮಿಥಿಯಸ್ ಅಂತ. 1964ರಲ್ಲಿ ಸಂಶೋಧನೆಗೆಂದು ಅನುಮತಿ ಪಡೆದೇ ಅದನ್ನು ಕಡಿದರು. ಬಿದ್ದ ಮೇಲೆ ಉಂಗುರ ಎಣಿಸಿದಾಗ 4,800ಕ್ಕೂ ಜಾಸ್ತಿ ಬಂತು.

ಹಾಗಾಗಿ ಮೆಥೂಸೆಲಾ ಹುಡುಕಲು ಹೋಗಬೇಡಿ. ಕ್ಯಾಮೆರಾ ಹಿಡಿದವರಿಗೆ ನನ್ನ ಸಲಹೆ ಒಂದೇ ಮೈಲಿಯ ಡಿಸ್ಕವರಿ ಟ್ರೇಲ್. ಉದ್ದ ಕಡಿಮೆ, ಮರ ಜಾಸ್ತಿ. ಮಧ್ಯಾಹ್ನ ಅಲ್ಲಿ ಜಾತ್ರೆಯಂತೆ ಜನ. ನನಗೆ ಚಳಿ ತಡೆಯುತ್ತದೆ, ಹಸಿವೂ ತಡೆಯುತ್ತದೆ, ಫ್ರೇಮಿನೊಳಗೆ ಕೆಂಪು ಟೋಪಿ ಹಾಕಿಕೊಂಡು ಬರುವವರನ್ನು ಮಾತ್ರ ತಡೆಯಲಾಗದು. ನಾಲ್ಕೂವರೆ ಆದಮೇಲೆ ಎಲ್ಲರೂ ಇಳಿದು ಹೋಗುತ್ತಾರೆ. ನಾವು ಸೆಪ್ಟೆಂಬರ್ ಕೊನೆಯಲ್ಲಿ ಹೋಗಿದ್ದೆವು. ಐದರಿಂದ ಆರೂಮುಕ್ಕಾಲರವರೆಗೆ ಇಡೀ ದಾರಿಯಲ್ಲಿ ನಾವಿಬ್ಬರೇ. ಗಾಳಿ ಬಿಟ್ಟರೆ ಸದ್ದಿಲ್ಲ.

ಈ ಮರಗಳು ಎತ್ತರ ಬೆಳೆಯುವುದಿಲ್ಲ, ನೋಡಲು ಹಸಿರಾಗಿಯೂ ಇರುವುದಿಲ್ಲ. ಮುಕ್ಕಾಲು ಪಾಲು ಸತ್ತಿರುತ್ತದೆ. ಒಂದು ಕಡೆ ಅಂಗೈ ಅಗಲದ ತೊಗಟೆಯ ಪಟ್ಟಿ ಬೇರಿನಿಂದ ಒಂದು ಕೊಂಬೆಗೆ ಹೋಗಿರುತ್ತದೆ, ಆ ಕೊಂಬೆಯ ತುದಿಯಲ್ಲಷ್ಟೇ ಎಲೆ. ಉಳಿದದ್ದೆಲ್ಲ ಬರಿಯ ಮರ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿರುತ್ತದೆ. ರಾಳ ತುಂಬಿದ ಗಟ್ಟಿ ಮರ, ಮೇಲಾಗಿ ಒಣ ಹವೆ. ಹಾಗಾಗಿ ಕೊಳೆಯುವುದಿಲ್ಲ, ಗಾಳಿ ಮತ್ತು ಹಿಮಕ್ಕೆ ಕಲ್ಲಿನಂತೆ ಸವೆಯುತ್ತದೆ. ಕೆಳಗಿನ ಮಣ್ಣು ಡಾಲಮೈಟ್, ಬಿಳಿ ಸುಣ್ಣದ ಪುಡಿಯ ಹಾಗೆ. ಅದರಲ್ಲಿ ಬೇರೆ ಗಿಡಗಳು ಹೆಚ್ಚು ಬದುಕುವುದಿಲ್ಲ, ಇವಕ್ಕೆ ಪೈಪೋಟಿಯೂ ಇಲ್ಲ. ಒಳ್ಳೆಯ ಜಾಗದಲ್ಲಿ ಹುಟ್ಟಿದ ಬ್ರಿಸಲ್‌ಕೋನ್‌ಗಳು ಬೇಗ ಬೆಳೆದು ಬೇಗ ಸಾಯುತ್ತವೆ, ಕೆಟ್ಟ ಜಾಗದವು ಉಳಿಯುತ್ತವೆ. ಇದನ್ನು ತಿಳಿದುಕೊಂಡರೆ ಫೋಟೋಗೆ ಮರ ಆರಿಸುವುದು ಸುಲಭ. ಇಳಿಜಾರಿನಲ್ಲಿ, ಬಿಳಿ ನೆಲದಲ್ಲಿ, ಒಂಟಿಯಾಗಿ ನಿಂತವುಗಳನ್ನೇ ನೋಡಿ.

ಆ ಬಿಳಿ ನೆಲ ಕ್ಯಾಮೆರಾವನ್ನು ಯಾಮಾರಿಸುತ್ತದೆ. ಅದರೊಳಗಿನ ಬೆಳಕಳೆಯುವ ಮೀಟರ್, ಬೆಳಕು ಜಾಸ್ತಿ ಇದೆ ಅಂದುಕೊಂಡು ಮರವನ್ನು ಕಪ್ಪು ಮಾಡಿಬಿಡುತ್ತದೆ. ಮೊದಲ ದಿನದ ನನ್ನ ಅರ್ಧ ಫೋಟೋಗಳು ಹೀಗೇ ಹಾಳಾದವು. ಮರದ ಮೇಲೆಯೇ ಮೀಟರ್ ಮಾಡಿ. ಆಕಾಶದ ನೀಲಿ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಹಾಕಬೇಡಿ, ಅಷ್ಟು ಎತ್ತರದಲ್ಲಿ ಆಕಾಶ ಮೊದಲೇ ಗಾಢ ನೀಲಿ. ವೈಡ್ ಲೆನ್ಸ್‌ಗೆ ಪೋಲರೈಸರ್ ಸೇರಿದರೆ ಆಕಾಶದ ಒಂದು ಮೂಲೆ ಕಪ್ಪು, ಇನ್ನೊಂದು ಮೂಲೆ ಬಿಳಿ. ದಾರಿ ಬಿಟ್ಟು ಇಳಿಯುವ ಹಾಗಿಲ್ಲ, ಬೇರುಗಳು ಮೇಲ್ಮಟ್ಟದಲ್ಲೇ ಇರುತ್ತವೆ. ಆದ್ದರಿಂದ ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್ ತನ್ನಿ. ನಾನು ಭಾರ ಅಂತ ಬಿಟ್ಟು ಹೋಗಿದ್ದೆ, ಒಳ್ಳೆಯ ಮರಗಳೆಲ್ಲ ಇಪ್ಪತ್ತು ಮೀಟರ್ ಆಚೆ ನಿಂತು ಅಣಕಿಸಿದವು.

ನೆಲದ ಮೇಲೆ ಬಿದ್ದ ಚೂರುಗಳನ್ನೂ ಮುಟ್ಟಬೇಡಿ. ಸುಮ್ನೆ ಕಟ್ಟಿಗೆ ಅನಿಸುತ್ತದೆ, ಅಲ್ವಾ? ಅಂಥ ಸತ್ತ ಮರದ ಉಂಗುರಗಳನ್ನು ಬದುಕಿರುವ ಮರದ ಉಂಗುರಗಳಿಗೆ ಜೋಡಿಸಿಯೇ 8,000 ವರ್ಷಕ್ಕೂ ಹಿಂದಿನವರೆಗೆ ವರ್ಷ ವರ್ಷದ ಲೆಕ್ಕ ಕಟ್ಟಿದ್ದಾರೆ. ಹಳೆಯ ವಸ್ತುಗಳ ವಯಸ್ಸು ಹೇಳುವ ಕಾರ್ಬನ್ ಡೇಟಿಂಗ್‌ನ ಲೆಕ್ಕ ತಿದ್ದಿಕೊಂಡದ್ದೂ ಈ ಉಂಗುರಗಳಿಂದಲೇ.

ಇನ್ನು ಪೇಟ್ರಿಯಾರ್ಕ್ ಗ್ರೋವ್. ಶುಲ್ಮನ್ ಗ್ರೋವ್‌ನಿಂದ 12 ಮೈಲಿ ಮಣ್ಣು ರಸ್ತೆ, 11,000 ಅಡಿ. ಅತ್ಯಂತ ದಪ್ಪದ ಬ್ರಿಸಲ್‌ಕೋನ್ ಅಲ್ಲಿದೆ, ಸುತ್ತಳತೆ ಸುಮಾರು 36 ಅಡಿ. ಆ ದೊಡ್ಡ ಮರ ಫೋಟೋಗೆ ಅಷ್ಟಕ್ಕಷ್ಟೇ, ಪೊದೆಯ ಹಾಗಿದೆ. ಅದರ ಸುತ್ತಲಿನ ಬೋಳು ಗುಡ್ಡ ಮಾತ್ರ ಚಂದ್ರನ ಮೇಲೆ ಇಳಿದ ಹಾಗೆ. ಸಿಕ್ಕರೆ ಬಿಡಬೇಡಿ, ಆದರೆ ನಮ್ಮ ಹಾಗೆ ಹೋಗಬೇಡಿ.

ಟೈರ್ ಹರಿದದ್ದು ವಾಪಸ್ ಬರುವಾಗ, ಗ್ರೋವ್ ಬಿಟ್ಟು ಮೂರ್ನಾಲ್ಕು ಮೈಲಿ ಬಂದಮೇಲೆ. ಒಂದೂಮುಕ್ಕಾಲು ಗಂಟೆ ಯಾವ ಗಾಡಿಯೂ ಬರಲಿಲ್ಲ. ಕೊನೆಗೆ ಪಿಕಪ್‌ನಲ್ಲಿ ಬಂದ ಅಪ್ಪ ಮಗಳು ನಮ್ಮನ್ನು ಕೆಳಗಿನ ಊರಿನವರೆಗೆ ಬಿಟ್ಟರು, ಒಂದು ಪೈಸೆ ಮುಟ್ಟಲಿಲ್ಲ. ಬಾಡಿಗೆ ಕಂಪನಿಗೆ ಫೋನ್ ಮಾಡಿದರೆ ನಲವತ್ತು ನಿಮಿಷ ಸಂಗೀತ ಕೇಳಿಸಿ, ಆಮೇಲೆ ಮೊದಲ ಪ್ರಶ್ನೆ: ರಸ್ತೆ ಡಾಂಬರಿನದ್ದಾ? ಸುಳ್ಳು ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ಕರಾರಿನ ಸಣ್ಣ ಅಕ್ಷರದಲ್ಲಿ ಡಾಂಬರಿಲ್ಲದ ರಸ್ತೆಗೆ ಹೋಗಬಾರದು ಅಂತ ಇತ್ತಂತೆ. ವಿಮೆಗೆಂದು ದಿನಕ್ಕೆ 27 ಡಾಲರ್ ಕಟ್ಟಿದ್ದೆವು, ಅದು ಯಾವುದಕ್ಕೂ ಆಗಲಿಲ್ಲ. ಕಾರನ್ನು ಎಳೆದು ತರುವುದಕ್ಕೆ 460 ಡಾಲರ್, ಟೈರಿಗೆ 190. ಅದೇ ದುಡ್ಡಿಗೆ ಎತ್ತರದ, ದಪ್ಪ ಟೈರಿನ, ಮಣ್ಣು ರಸ್ತೆಗೆಂದೇ ಕೊಡುವ ಜೀಪು ಎರಡು ದಿನಕ್ಕೆ ಸಿಗುತ್ತಿತ್ತು. ಸಾಮಾನ್ಯ ಕಾರಾದರೆ ಶುಲ್ಮನ್ ಗ್ರೋವ್‌ನಲ್ಲೇ ನಿಲ್ಲಿಸಿ.

ಉಳಿದುಕೊಂಡದ್ದು ಬಿಷಪ್ ಅನ್ನುವ ಊರಿನಲ್ಲಿ. ಶನಿವಾರ ರಾತ್ರಿಗೆ 210 ಡಾಲರ್ ಕೊಟ್ಟು ಸಿಗರೇಟು ವಾಸನೆಯ ರೂಮು. ವಾರದ ನಡುವೆ ಹೋಗಿ.

ಊಟ ಮಾತ್ರ ಮರೆಯಲಾಗದು. ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನ ಪಕ್ಕ ಮೆಕ್ಸಿಕನ್ ತಿಂಡಿ ಮಾರುವ ಒಂದು ಟಾಕೊ ಗಾಡಿ ನಿಂತಿರುತ್ತಿತ್ತು. ಅಜ್ಜಿಯೊಬ್ಬರು ಕಾವಲಿ ಮೇಲೆ ರೊಟ್ಟಿ ಬೇಯಿಸುತ್ತಾರೆ, ಮೊಮ್ಮಗ ದುಡ್ಡು ತೆಗೆದುಕೊಳ್ಳುತ್ತಾನೆ. ನಾವು ಸಸ್ಯಾಹಾರಿಗಳು. ಬೀನ್ಸ್ ಅಂದಕೂಡಲೇ ನಂಬುವ ಹಾಗಿಲ್ಲ, ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲಿ ಬೇಯಿಸುತ್ತಾರೆ. ಕೇಳಿದೆವು. ಅಜ್ಜಿ ಎಣ್ಣೆಯ ಡಬ್ಬಿಯನ್ನೇ ಎತ್ತಿ ತೋರಿಸಿದರು. 9 ಡಾಲರ್‌ಗೆ ಮೊಣಕೈ ಉದ್ದದ ಬುರಿಟೊ, ಅಂದರೆ ರೊಟ್ಟಿಯ ಸುರುಳಿ. ಒಳಗೆ ಬೀನ್ಸ್, ಅನ್ನ, ಕಾವಲಿಯಲ್ಲಿ ಸುಟ್ಟ ಹಸಿಮೆಣಸು, ಈರುಳ್ಳಿ. ಪಕ್ಕದಲ್ಲಿ ಮೂರು ಬಣ್ಣದ ಚಟ್ನಿ, ಬೇಕಾದಷ್ಟು ಹಾಕಿಕೊಳ್ಳಬಹುದು. ಕೆಂಪನ್ನು ಮುಟ್ಟುವ ಮುಂಚೆ ಮೊಮ್ಮಗ ಎಚ್ಚರಿಸಿದ. ನನ್ನ ಹೆಂಡತಿ ಎರಡು ಚಮಚ ಹಾಕಿಕೊಂಡು ತಿಂದಳು, ಅವನು ಅಜ್ಜಿಯನ್ನು ಕರೆದು ತೋರಿಸಿದ. ಒಂದು ಬುರಿಟೊ ಇಬ್ಬರಿಗೆ ಸಾಕು. ಎರಡನೆಯದನ್ನು ಫಾಯಿಲ್‌ನಲ್ಲಿ ಸುತ್ತಿಸಿಕೊಂಡು ಮೇಲಕ್ಕೆ ಒಯ್ದೆವು, ಟೈರ್ ಹರಿದ ದಿನ ರಸ್ತೆ ಬದಿಯಲ್ಲಿ ಕೂತು ತಿಂದದ್ದು ಅದನ್ನೇ.

ಗುಡ್ಡ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಡಬೇಡಿ, ಕಡಿಮೆ ಗೇರಿನಲ್ಲಿ ಬನ್ನಿ. ನಮ್ಮ ಮುಂದೆ ಹೋಗುತ್ತಿದ್ದ ವ್ಯಾನಿನ ಚಕ್ರದಿಂದ ಹೊಗೆ ಬರುತ್ತಿತ್ತು. ಹೊರಡುವ ದಿನ ಆ ಟಾಕೊ ಗಾಡಿಗೆ ಇನ್ನೊಮ್ಮೆ ಹೋಗೋಣ ಅಂತ ಬೆಳಗಿನ ತಿಂಡಿ ಬಿಟ್ಟೆವು. ಸೋಮವಾರ ಅವರಿಗೆ ರಜೆ.