ಹಳೇ ಹಾಲಿವುಡ್‌ನಲ್ಲಿ ನಿನ್ನ ಫೇವರಿಟ್ ಯಾರು ಅಂದರೆ, ಬಾರ್ಬರಾ ಸ್ಟಾನ್‌ವಿಕ್

ನನಗೆ ಕಪ್ಪು ಬಿಳುಪು ಇಂಗ್ಲಿಷ್ ಸಿನಿಮಾಗಳ ಹುಚ್ಚು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಆ ನಟ ನಟಿಯರಲ್ಲಿ ನಿನ್ನ ಫೇವರಿಟ್ ಯಾರು?"

ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ರೆಡಿ ಇರುತ್ತದೆ. ಎಂ.ಜಿ. ರೋಡಿನ ಪ್ಲಾಜಾದಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿ ಬೆಳೆದ ಹಿರಿಯರಾದರೆ ನಾನು ಗ್ರೆಗರಿ ಪೆಕ್ ಅನ್ನಲಿ ಅಂತ ಕಾಯುತ್ತಾರೆ. ಅವನ 'ಮೆಕೆನ್ನಾಸ್ ಗೋಲ್ಡ್' ನಮ್ಮ ದೇಶದಲ್ಲಿ ಓಡಿದ ಓಟ ಹಾಗಿತ್ತು. ವಯಸ್ಸಿನಲ್ಲಿ ಚಿಕ್ಕವರಾದರೆ ಆಡ್ರೆ ಹೆಪ್‌ಬರ್ನ್ ಅಥವಾ ಮರ್ಲಿನ್ ಮನ್ರೋ, ಯಾಕಂದರೆ ಕೆಫೆ ಗೋಡೆಗಳ ಮೇಲೆ ಇರುವುದು ಅವರ ಫೋಟೋಗಳೇ. ನಾನು ಬಾರ್ಬರಾ ಸ್ಟಾನ್‌ವಿಕ್ ಅಂತೀನಿ. "ಯಾರು?" ಅಂತಾರೆ. ಪ್ರತಿ ಸಲ ನಿಂತಲ್ಲೇ ಅರ್ಧ ಗಂಟೆ ವಿವರಿಸುವುದು ಸಾಕಾಗಿದೆ, ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಹುಟ್ಟಿದಾಗಿನ ಹೆಸರು ರೂಬಿ ಸ್ಟೀವನ್ಸ್. 1907ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ್ದು. ನಾಲ್ಕು ವರ್ಷಕ್ಕೆ ತಾಯಿ ಹೋದಳು. ಅಪ್ಪ ಪನಾಮಾ ಕಾಲುವೆ ಕೆಲಸಕ್ಕೆ ಅಂತ ಹೊರಟವನು ಮನೆಗೆ ವಾಪಸ್ ಬರಲೇ ಇಲ್ಲ. ಅವರಿವರ ಮನೆಯಲ್ಲಿ ಬೆಳೆದ ಹುಡುಗಿ, ಹದಿಹರೆಯದಲ್ಲೇ ಸ್ಟೇಜ್ ಮೇಲೆ ಸಾಲಾಗಿ ನಿಂತು ಕುಣಿಯುವವರ ಗುಂಪು ಸೇರಿದಳು. ಅಲ್ಲಿಂದ ಬ್ರಾಡ್‌ವೇ ನಾಟಕಗಳು, ಅಲ್ಲಿಂದ ಸಿನಿಮಾ. ಆಕ್ಟಿಂಗ್ ಶಾಲೆಯ ಮುಖ ಕಂಡವಳಲ್ಲ. ಇದನ್ನೆಲ್ಲ ಅಯ್ಯೋ ಪಾಪ ಅನಿಸಲಿ ಅಂತ ಹೇಳುತ್ತಿಲ್ಲ. ಆಕೆಯ ಮಾತಿನಲ್ಲಿ, ನಡಿಗೆಯಲ್ಲಿ ಬ್ರೂಕ್ಲಿನ್ ಕೊನೆವರೆಗೂ ಉಳಿದುಕೊಂಡಿತು. ಆ ಕಾಲದ ಎಷ್ಟೋ ನಟಿಯರು ಅರ್ಧ ಇಂಗ್ಲೆಂಡ್ ಅರ್ಧ ಅಮೆರಿಕ ಅನ್ನುವಂಥ ಒಂದು ಕೃತಕ ಉಚ್ಚಾರಣೆ ಕಲಿತು ಮಾತಾಡುತ್ತಿದ್ದಾಗ, ಈಕೆ ಮಾತ್ರ ಬಸ್ ಸ್ಟಾಪಿನಲ್ಲಿ ಪಕ್ಕದಲ್ಲಿ ನಿಂತವಳ ಹಾಗೆ ಮಾತಾಡುತ್ತಾಳೆ.

ಹಳೇ ಸಿನಿಮಾ ಅಂದರೆ ಓವರ್ ಆಕ್ಟಿಂಗ್ ಅಂತ ಗೊಣಗುವವರಿಗೆ ನಾನು ತೋರಿಸುವುದು ಇದನ್ನೇ. 1930ರಲ್ಲಿ ಫ್ರ್ಯಾಂಕ್ ಕಾಪ್ರಾ 'ಲೇಡೀಸ್ ಆಫ್ ಲೀಷರ್' ತೆಗೆಯುವಾಗ ಒಂದು ವಿಷಯ ಗಮನಿಸಿದ. ಈ ಹುಡುಗಿ ಮೊದಲ ಟೇಕಿನಲ್ಲೇ ಇದ್ದಬದ್ದದ್ದನ್ನೆಲ್ಲ ಸುರಿದುಬಿಡುತ್ತಾಳೆ, ಆಮೇಲಿನ ಟೇಕುಗಳು ಸಪ್ಪೆ. ಹಾಗಾಗಿ ಆಕೆಯನ್ನು ಪಕ್ಕಕ್ಕಿಟ್ಟು ಉಳಿದವರಿಗೆ ರಿಹರ್ಸಲ್ ಮಾಡಿಸಿ, ಎರಡು ಮೂರು ಕ್ಯಾಮೆರಾ ಒಟ್ಟಿಗೆ ಇಟ್ಟು, ಆಮೇಲೆ ಆಕೆಯನ್ನು ಕರೆಯುತ್ತಿದ್ದ. ಸೌಂಡ್ ಬಂದು ಇನ್ನೂ ಮೂರು ವರ್ಷ ಆಗಿರಲಿಲ್ಲ. ಮೈಕ್ ಎಲ್ಲಿದೆಯೋ ಅಲ್ಲೇ ಕಂಬದ ಹಾಗೆ ನಿಂತು ಮಾತಾಡುವ ಕಾಲ ಅದು. ಆಗ ಈಕೆಗಾಗಿ ಒಬ್ಬ ಡೈರೆಕ್ಟರ್ ಕೆಲಸದ ರೀತಿಯನ್ನೇ ಬದಲಾಯಿಸಿಕೊಂಡ ಅಂದರೆ ಸುಮ್ನೆ ಅಲ್ಲ.

ಈಗ 'ದ ಲೇಡಿ ಈವ್'. 1941, ಪ್ರೆಸ್ಟನ್ ಸ್ಟರ್ಜಸ್ ಬರೆದು ನಿರ್ದೇಶಿಸಿದ್ದು. ನನ್ನ ಪ್ರಕಾರ ಹಾಲಿವುಡ್ ಮಾಡಿದ ಕಾಮಿಡಿಗಳಲ್ಲಿ ಇದೇ ನಂಬರ್ ಒನ್, ಬೇಕಾದರೆ ಜಗಳಕ್ಕೆ ಬನ್ನಿ. ಆಕೆ ಅಪ್ಪನ ಜೊತೆ ಸೇರಿ ಹಡಗಿನಲ್ಲಿ ಇಸ್ಪೀಟಾಡುತ್ತಾ ದುಡ್ಡಿದ್ದವರ ತಲೆ ಬೋಳಿಸುವ ವಂಚಕಿ. ಹೆನ್ರಿ ಫೋಂಡಾ ಬಿಯರ್ ಕಂಪನಿ ಮಾಲೀಕನ ಮಗ. ಹಾವುಗಳ ಬಗ್ಗೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಪೆದ್ದ. ಅಮೆಜಾನ್ ಕಾಡಿನಲ್ಲಿ ಹಾವು ಹುಡುಕಿ ವಾಪಸ್ ಬರುತ್ತಿರುತ್ತಾನೆ. ಹಡಗಿನ ಊಟದ ಹಾಲಿನಲ್ಲಿ ಇರುವ ಹುಡುಗಿಯರೆಲ್ಲ ಅವನ ಮೇಲೆ ಕಣ್ಣಿಟ್ಟಿದ್ದಾರೆ. ಅವನು ಪುಸ್ತಕದಿಂದ ತಲೆ ಎತ್ತುತ್ತಿಲ್ಲ. ಈಕೆ ಅವನಿಗೆ ಬೆನ್ನು ಹಾಕಿ ಕೂತು, ಪೌಡರ್ ಡಬ್ಬಿಯ ಕನ್ನಡಿಯಲ್ಲಿ ಇಡೀ ಹಾಲನ್ನು ನೋಡುತ್ತಾ, ಒಬ್ಬೊಬ್ಬ ಹುಡುಗಿ ಏನು ಮಾಡುತ್ತಿದ್ದಾಳೆ, ಅವನ ತಲೆಯಲ್ಲಿ ಏನು ಓಡುತ್ತಿದೆ ಅಂತ ಕ್ರಿಕೆಟ್ ಕಾಮೆಂಟರಿ ಥರ ಹೇಳುತ್ತಾ ಹೋಗುತ್ತಾಳೆ. ಕೊನೆಗೆ ಅವನು ಎದ್ದು ಹೊರಟಾಗ ಕಾಲು ಅಡ್ಡ ಇಟ್ಟು ಬೀಳಿಸುತ್ತಾಳೆ. ಬಿದ್ದವನಿಗೇ ದಬಾಯಿಸುತ್ತಾಳೆ, ನನ್ನ ಚಪ್ಪಲಿ ಹಿಮ್ಮಡಿ ಮುರಿದೆಯಲ್ಲೋ ಅಂತ.

ಮುಂದೆ ಆಕೆಯ ಕ್ಯಾಬಿನ್‌ನಲ್ಲಿ ಇನ್ನೊಂದು ಸೀನ್. ಫೋಂಡಾ ನೆಲದ ಮೇಲೆ, ಈಕೆ ಸೋಫಾದ ಮೇಲೆ ಒರಗಿ ಅವನ ಕೂದಲಲ್ಲಿ ಬೆರಳಾಡಿಸುತ್ತಾ ಮಾತಾಡುತ್ತಾಳೆ. ಮೂರು ನಿಮಿಷಕ್ಕೂ ಜಾಸ್ತಿ, ಕಟ್ ಇಲ್ಲ. ಅವಳು ಅವನನ್ನು ಆಟ ಆಡಿಸುತ್ತಿದ್ದಾಳೆ ಅಂತ ನಗುತ್ತಾ ಇರುತ್ತೇವೆ, ನೋಡುನೋಡುತ್ತಲೇ ಅವಳಿಗೇ ಅವನು ಇಷ್ಟವಾಗಲು ಶುರುವಾಗಿರುತ್ತದೆ. ಯಾವ ಸೆಕೆಂಡಿನಲ್ಲಿ ಅದು ಆಯಿತು ಅಂತ ಹುಡುಕಿ ಹೇಳಿ ನೋಡೋಣ! ಡೈಲಾಗಿನಲ್ಲಿ ಅದು ಎಲ್ಲೂ ಇಲ್ಲ. ಯೋಚನೆ ಬದಲಾಗುವುದು ಮುಖದ ಮೇಲೆ ಕಾಣುತ್ತದೆ, ಅಷ್ಟೇ. ನನಗೆ ಆಕೆ ಯಾಕೆ ಇಷ್ಟ ಅಂದರೆ ಇದಕ್ಕೇ. ಕ್ಯಾಮೆರಾ ಮುಂದೆ ನಟಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಕ್ಯಾಮೆರಾ ಮುಂದೆ ಕೂತು ನಿಜವಾಗಿ ಯೋಚನೆ ಮಾಡುವವರು ಬಹಳ ಕಡಿಮೆ.

ಅದೇ ಮುಖ, ಮೂರು ವರ್ಷದ ನಂತರ, 'ಡಬಲ್ ಇಂಡೆಮ್ನಿಟಿ'. ಬಿಲ್ಲಿ ವೈಲ್ಡರ್ ಸಿನಿಮಾ. ಗಂಡನಿಗೆ ಗೊತ್ತಿಲ್ಲದ ಹಾಗೆ ಅವನ ಹೆಸರಲ್ಲಿ ಇನ್ಶೂರೆನ್ಸ್ ಮಾಡಿಸಿ, ಏಜೆಂಟನ ಜೊತೆಗೂಡಿ ಅವನನ್ನು ಮುಗಿಸುವ ಹೆಂಡತಿ. ರೈಲಿನಿಂದ ಬಿದ್ದು ಸತ್ತ ಅಂತ ತೋರಿಸಿದರೆ ದುಡ್ಡು ಡಬಲ್, ಹೆಸರು ಬಂದಿದ್ದು ಅಲ್ಲಿಂದ. ಆಗ ಆಕೆ ದೊಡ್ಡ ಸ್ಟಾರ್, ಇಂಥ ಕೊಲೆಗಾತಿ ಪಾತ್ರ ಒಪ್ಪಿಕೊಳ್ಳಲು ಹೆದರಿದ್ದಳು. ಕೊನೆಗೆ ಒಪ್ಪಿದಳು, ತಲೆಗೆ ಒಂದು ಅಗ್ಗದ ಹೊಂಬಣ್ಣದ ವಿಗ್ ಹಾಕಿಕೊಂಡಳು. ಆ ವಿಗ್ ಚೆನ್ನಾಗಿಲ್ಲ ಅಂತ ಈಗಲೂ ಜನ ದೂರುತ್ತಾರೆ. ಅದು ನಕಲಿ ಅನಿಸಬೇಕಾದದ್ದೇ ಅಲ್ವಾ? ಆ ಹೆಂಗಸಿನಲ್ಲಿ ಅಸಲಿ ಏನಿದೆ?

ಕೊಲೆಯ ಸೀನ್ ನೋಡಿ. ಕಾರನ್ನು ಈಕೆ ಓಡಿಸುತ್ತಿದ್ದಾಳೆ. ಪಕ್ಕದಲ್ಲಿ ಗಂಡ. ಹಿಂದೆ ಸೀಟಿನ ಕೆಳಗೆ ಏಜೆಂಟ್ ಬಚ್ಚಿಟ್ಟುಕೊಂಡಿದ್ದಾನೆ. ಮೂರು ಸಲ ಹಾರ್ನ್ ಹೊಡೆಯುತ್ತಾಳೆ, ಅದೇ ಸಿಗ್ನಲ್. ಗಂಡನ ಕತ್ತು ಹಿಸುಕುವುದು ನಮಗೆ ಕಾಣುವುದಿಲ್ಲ, ಬರೀ ಶಬ್ದ. ಕ್ಯಾಮೆರಾ ಆಕೆಯ ಮುಖ ಬಿಟ್ಟು ಕದಲುವುದಿಲ್ಲ. ಆಕೆ ಕಿರುಚುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ರಸ್ತೆ ನೋಡುತ್ತಾಳೆ. ತುಟಿಯ ಅಂಚಿನಲ್ಲಿ ಒಂದು ಸಣ್ಣ ಸಮಾಧಾನ ಮಾತ್ರ. ಆಗಿನ ಸೆನ್ಸಾರ್ ನಿಯಮಗಳ ಪ್ರಕಾರ ಕೊಲೆಯನ್ನು ವಿವರವಾಗಿ ತೋರಿಸುವ ಹಾಗಿರಲಿಲ್ಲ. ಆದರೆ ತೋರಿಸಿದ್ದರೂ ಆ ಮುಖದಷ್ಟು ಭಯ ಆಗುತ್ತಿರಲಿಲ್ಲ.

ಸೆನ್ಸಾರ್ ಅಂದಿದ್ದಕ್ಕೆ ನೆನಪಾಯಿತು, 'ಬೇಬಿ ಫೇಸ್' ಬಗ್ಗೆ ಹೇಳಲೇಬೇಕು. 1933. ಅಂದರೆ ಹಾಲಿವುಡ್‌ನ ಸೆನ್ಸಾರ್ ಕೋಡ್ 1934ರ ಮಧ್ಯದಲ್ಲಿ ಬಿಗಿಯಾಗುವುದಕ್ಕೆ ಮೊದಲು. ಕಳ್ಳ ಸಾರಾಯಿ ಮಾರುವ ಅಪ್ಪನ ಅಡ್ಡೆಯಲ್ಲಿ ಬೆಳೆದ ಹುಡುಗಿ ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಒಬ್ಬೊಬ್ಬ ಗಂಡಸನ್ನೇ ಬಳಸಿಕೊಂಡು ಮೇಲೆ ಹತ್ತುತ್ತಾಳೆ. ಒಂದು ಪ್ರಮೋಷನ್ ಆದ ಹಾಗೆ ಕ್ಯಾಮೆರಾ ಬಿಲ್ಡಿಂಗಿನ ಹೊರಗಿನಿಂದ ಮೇಲಿನ ಮಹಡಿಗೆ ಏರುತ್ತದೆ, ಮುಂದಿನದು ಆದರೆ ಇನ್ನೊಂದು ಮಹಡಿ. ತುಂಟ ಐಡಿಯಾ. ಆ ಕಾಲಕ್ಕೇ ಇದು ಜಾಸ್ತಿ ಆಯಿತು ಅಂತ ನ್ಯೂಯಾರ್ಕಿನ ಸೆನ್ಸಾರ್ ತಡೆದು, ಕತ್ತರಿ ಹಾಕಿಸಿ, ಕೊನೆಯನ್ನೂ ಬದಲಾಯಿಸಿ ಬಿಡುಗಡೆ ಮಾಡಿದರು. ಕತ್ತರಿ ಬೀಳದ ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸಿಕ್ಕಿದ್ದು 2004ರಲ್ಲಿ. ನೋಡುವುದಾದರೆ ಆ ಪ್ರತಿಯನ್ನೇ ನೋಡಿ. ಜೊತೆಗೆ ಥೆರೇಸಾ ಹ್ಯಾರಿಸ್ ಅನ್ನುವ ಕಪ್ಪು ನಟಿಯನ್ನೂ ಗಮನಿಸಿ. ಆಗಿನ ಸಿನಿಮಾಗಳಲ್ಲಿ ಕಪ್ಪು ಹುಡುಗಿಯರು ಟ್ರೇ ಹಿಡಿದು ಬಂದು ಹೋಗುತ್ತಿದ್ದರು, ಇಲ್ಲಿ ಆಕೆ ನಾಯಕಿಯ ಗೆಳತಿ. ಅಪ್ಪ ಅವಳನ್ನು ಕೆಲಸದಿಂದ ತೆಗೆಯಲು ಹೋದರೆ ಸ್ಟಾನ್‌ವಿಕ್ ಬಿಡುವುದಿಲ್ಲ.

ಹಾಗಾದರೆ ಉಳಿದವರು? ಬೇಗ ಹೇಳಿ ಮುಗಿಸುತ್ತೇನೆ, ಬೈಗುಳ ಆಮೇಲೆ ಬರಲಿ. ಕ್ಯಾಥರೀನ್ ಹೆಪ್‌ಬರ್ನ್‌ಗೆ ನಾಲ್ಕು ಆಸ್ಕರ್. ಬುದ್ಧಿವಂತೆ, ನಿಜ, ಆದರೆ ತಾನು ಬುದ್ಧಿವಂತೆ ಅನ್ನುವುದನ್ನು ನಮಗೆ ಮರೆಯಲು ಬಿಡುವುದಿಲ್ಲ. ಬೆಟ್ಟಿ ಡೇವಿಸ್ ಅದ್ಭುತ, ಆದರೆ ಅವಳ ಜೊತೆ ಎರಡು ಗಂಟೆ ಕೂತರೆ ನನಗೆ ಸುಸ್ತಾಗುತ್ತದೆ. ಜೇಮ್ಸ್ ಡೀನ್ ಬಗ್ಗೆ ಇರುವ ಭಕ್ತಿ ನನಗೆ ಅರ್ಥವೇ ಆಗಿಲ್ಲ. ಬೋಗಾರ್ಟ್ ಬಗ್ಗೆ ಯಾವ ತಕರಾರೂ ಇಲ್ಲ. ಕ್ಯಾರಿ ಗ್ರಾಂಟ್ ಒಬ್ಬನೇ ನನ್ನನ್ನು ಸ್ವಲ್ಪ ಅಲುಗಾಡಿಸುವವನು. ಅವನಿಗೂ ಸ್ಪರ್ಧೆಯಲ್ಲಿ ಆಸ್ಕರ್ ಬರಲಿಲ್ಲ, 1970ರಲ್ಲಿ ಗೌರವಕ್ಕೆ ಅಂತ ಕೊಟ್ಟರು.

ಸ್ಟಾನ್‌ವಿಕ್ ಕಥೆಯೂ ಅದೇ. ನಾಲ್ಕು ಸಲ ನಾಮಿನೇಷನ್, ನಾಲ್ಕೂ ಸಲ ಬರಿಗೈ. 'ಡಬಲ್ ಇಂಡೆಮ್ನಿಟಿ' ವರ್ಷ ಇಂಗ್ರಿಡ್ ಬರ್ಗ್‌ಮನ್‌ಗೆ ಹೋಯಿತು. ಗೌರವ ಆಸ್ಕರ್ ಬರುವ ಹೊತ್ತಿಗೆ 1982. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1999ರಲ್ಲಿ ಮಹಾನ್ ತಾರೆಯರ ಪಟ್ಟಿ ಮಾಡಿದಾಗ ನಟಿಯರಲ್ಲಿ ಆಕೆಗೆ ಹನ್ನೊಂದನೇ ಸ್ಥಾನ. ಹನ್ನೊಂದು! ಕಾರಣ ನನಗೆ ಕಾಣುವುದು ಇಷ್ಟು. ಆ ಕಾಲದಲ್ಲಿ ಸ್ಟಾರ್‌ಗಳು ಒಂದು ಸ್ಟುಡಿಯೋಗೆ ವರ್ಷಗಟ್ಟಲೆ ಕಟ್ಟುಬಿದ್ದಿರುತ್ತಿದ್ದರು. ಅವರ ಇಮೇಜು, ಪ್ರಚಾರ, ಆಸ್ಕರ್ ಲಾಬಿ ಎಲ್ಲ ಸ್ಟುಡಿಯೋ ನೋಡಿಕೊಳ್ಳುತ್ತಿತ್ತು. ಈಕೆ ವೃತ್ತಿಯ ಬಹುಪಾಲು ಒಬ್ಬರಿಗೇ ಕಟ್ಟುಬೀಳದೆ, ಕಥೆ ಹಿಡಿಸಿದ ಕಡೆ ಹೋಗಿ ಕೆಲಸ ಮಾಡಿದಳು. ಹಾಗಾಗಿ ಕಾಮಿಡಿ, ಕಣ್ಣೀರು, ಕೊಲೆ, ಕೌಬಾಯ್ ಎಲ್ಲದರಲ್ಲೂ ಇದ್ದಾಳೆ. ಆದರೆ ಪೋಸ್ಟರ್ ಮಾಡಿ ಮಾರಲು ಒಂದು ಫಿಕ್ಸ್ ಆದ ಮುಖ ಇಲ್ಲ. ಸಂಬಳಕ್ಕೇನೂ ಕೊರತೆ ಇರಲಿಲ್ಲ ಬಿಡಿ, 1944ರಲ್ಲಿ ಅಮೆರಿಕದಲ್ಲೇ ಅತಿ ಜಾಸ್ತಿ ಸಂಬಳದ ಹೆಂಗಸು ಈಕೆ ಅಂತ ಅಲ್ಲಿನ ಸರ್ಕಾರದ ಲೆಕ್ಕವೇ ಹೇಳಿತು.

ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ರಾಜಕೀಯದಲ್ಲಿ ಕಟ್ಟಾ ಬಲಪಂಥೀಯಳು. ಗಂಡ ರಾಬರ್ಟ್ ಟೇಲರ್ 1947ರಲ್ಲಿ ಕಮ್ಯುನಿಸ್ಟರನ್ನು ಹುಡುಕುವ ಸಂಸತ್ ಸಮಿತಿ ಮುಂದೆ ಕೂತು ಸಹನಟರ ಹೆಸರು ಹೇಳಿದ, ಅದು ನನಗೆ ಇವತ್ತಿಗೂ ಹಿಡಿಸುವುದಿಲ್ಲ. 'ದ ಬಿಟರ್ ಟೀ ಆಫ್ ಜನರಲ್ ಯೆನ್' ನೋಡಲು ಬಹಳ ಚೆಂದ, ಆದರೆ ಅದರಲ್ಲಿ ಚೀನೀ ಸೇನಾಧಿಪತಿಯಾಗಿ ಕಣ್ಣಿಗೆ ಮೇಕಪ್ ಮೆತ್ತಿಕೊಂಡು ಕೂತವನು ಸ್ವೀಡನ್ನಿನ ನಟ. ಆಗಿನ ಹಾಲಿವುಡ್ ಹಾಗೇ. ಬೇರೆಯವರ ಕಥೆ ಬೇಕು, ಬೇರೆಯವರು ಬೇಡ. ನಮ್ಮ ಮೈಸೂರಿನ ಸಾಬು ಕಥೆ ಗೊತ್ತಲ್ಲ? ಮಾವುತನ ಮಗ, 'ಎಲಿಫೆಂಟ್ ಬಾಯ್' ಸಿನಿಮಾದಿಂದ 1937ರಲ್ಲಿ ಜಗತ್ತಿಗೇ ಪರಿಚಯವಾದವನು. ಹಾಲಿವುಡ್‌ಗೆ ಹೋದ, ಅಮೆರಿಕದ ಪ್ರಜೆಯಾದ, ಎರಡನೇ ಮಹಾಯುದ್ಧದಲ್ಲಿ ಆ ದೇಶದ ಬಾಂಬರ್ ವಿಮಾನದಲ್ಲಿ ಗನ್ ಹಿಡಿದು ಕೂತ. ಯುದ್ಧದಿಂದ ಬಂದವನಿಗೆ ಮತ್ತೆ ಸಿಕ್ಕಿದ್ದು ಹೆಚ್ಚುಕಮ್ಮಿ ಅದೇ ಕಾಡು, ಅದೇ ತುಂಡು ಬಟ್ಟೆಯ ಪಾತ್ರಗಳು. 1963ರಲ್ಲಿ ತೀರಿಕೊಂಡಾಗ ಅವನಿಗೆ 39. ಅವನ ಬಗ್ಗೆ ಬೇರೆಯೇ ಬರೆಯಬೇಕು.

ಸರಿ, ಎಲ್ಲಿಂದ ಶುರು ಮಾಡುವುದು? ಎಲ್ಲರೂ 'ಡಬಲ್ ಇಂಡೆಮ್ನಿಟಿ'ಯನ್ನೇ ಮೊದಲು ಹಾಕಿಕೊಳ್ಳುತ್ತಾರೆ. ಬೇಡ. 'ಲೇಡಿ ಈವ್' ಮೊದಲು ನೋಡಿ. ನಗಿಸಿದ ಆ ಮುಖ ನಿಮಗೆ ಇಷ್ಟವಾಗಿದ್ದರೆ, ಕಾರಿನಲ್ಲಿ ಅದೇ ಮುಖ ನೋಡುವಾಗ ಮೈ ಝುಮ್ ಅನ್ನುತ್ತದೆ. ಆಮೇಲೆ 'ಸ್ಟೆಲ್ಲಾ ಡಲ್ಲಾಸ್', 1937. ತಾಯಿ ಸೆಂಟಿಮೆಂಟ್ ಅಂತ ಮೂಗು ಮುರಿಯಬೇಡಿ. ಅದರಲ್ಲಿ ರೈಲಿನ ಸೀನ್ ಒಂದಿದೆ. ಮಗಳ ಗೆಳತಿಯರು ಈ ತಾಯಿಯ ಬಟ್ಟೆ, ಬಣ್ಣದ ಬಗ್ಗೆ ಆಡಿಕೊಂಡು ನಗುವುದು ಬರ್ತ್ ಮೇಲೆ ಮಲಗಿರುವ ತಾಯಿಗೂ ಕೇಳುತ್ತದೆ, ಮಗಳಿಗೂ ಕೇಳುತ್ತದೆ. ಅಮ್ಮ ಕೇಳಿಸಿಕೊಂಡಳಾ ಅಂತ ಮಗಳು ನೋಡಲು ಬಂದಾಗ ತಾಯಿ ನಿದ್ದೆ ಬಂದವಳ ಹಾಗೆ ಮಲಗಿಬಿಡುತ್ತಾಳೆ. ಕರ್ಚೀಫ್ ಪಕ್ಕದಲ್ಲಿರಲಿ.

ಕೊನೆಗೆ 'ಫೋರ್ಟಿ ಗನ್ಸ್', 1957. ಐವತ್ತರ ಹತ್ತಿರದ ಹೆಂಗಸು ಬಿಳಿ ಕುದುರೆ ಮೇಲೆ, ಹಿಂದೆ ನಲವತ್ತು ಬಂದೂಕುಧಾರಿಗಳು. ರಿಕಾಬಿಗೆ ಕಾಲು ಸಿಕ್ಕಿಕೊಂಡು ಕುದುರೆ ನೆಲದ ಮೇಲೆ ಎಳೆದುಕೊಂಡು ಹೋಗುವ ಸ್ಟಂಟ್ ಇದೆ. ಅದನ್ನು ಡೂಪ್ ಇಲ್ಲದೆ ತಾನೇ ಮಾಡಿದಳು. ಕ್ಲೈಮ್ಯಾಕ್ಸ್ ಮಾತ್ರ ಸ್ಟುಡಿಯೋ ಒತ್ತಾಯಕ್ಕೆ ಮೆತ್ತಗಾಗಿದೆ. ಡೈರೆಕ್ಟರ್ ಸ್ಯಾಮ್ಯುಯೆಲ್ ಫುಲ್ಲರ್‌ಗೆ ಆಕೆ ಸಾಯಬೇಕಿತ್ತು. ನನಗೂ ಹಾಗೇ ಬೇಕಿತ್ತು. ನೋಡಿ ನಿಮಗೇನನಿಸಿತು ಹೇಳಿ, ಮನ್ರೋ ಅಭಿಮಾನಿಗಳೂ ಹೇಳಬಹುದು.